ದೊಡ್ಡ ಬೈಕಿಗೆ ಸೈಡ್‌ಕಾರ್ ಕಟ್ಟುವುದು: ಕೂರುವವರನ್ನು ಕೂರಿಸಿಯೇ ಅಳತೆ ತೆಗೆಯಿರಿ

ನನ್ನ ಹೆಂಡತಿಗೆ ಸಣ್ಣ ವಯಸ್ಸಿನಲ್ಲೇ ಎಡಗಾಲಿಗೆ ಪೋಲಿಯೋ ಆಗಿತ್ತು. ಕ್ಯಾಲಿಪರ್ ಹಾಕಿ ನಡೆಯುತ್ತಾಳೆ. ಮದುವೆಯಾದ ಹೊಸತರಲ್ಲಿ ನನ್ನ ಬುಲೆಟ್ಟಿನ ಹಿಂದೆ ಕೂತು ಕೊಲ್ಲೂರು, ಆಗುಂಬೆ, ಶೃಂಗೇರಿ ಎಲ್ಲ ಸುತ್ತಿದವಳು. ನಲವತ್ತೈದು ದಾಟಿದ ಮೇಲೆ ಸೊಂಟ ಬಿಡಲಿಲ್ಲ. ಸಂತೆಕಟ್ಟೆಯಿಂದ ಉಡುಪಿಯ ಅವಳ ಟೈಲರಿಂಗ್ ಅಂಗಡಿಗೆ ಹೋಗಿ ಇಳಿಯುವಷ್ಟರಲ್ಲಿ ಮುಖ ಬಿಳಿಚಿಕೊಳ್ಳುತ್ತಿತ್ತು. "ಕಾರು ತಗೊಳ್ಳುವಾ" ಅಂದೆ. "ಗಾಳಿ ಬೇಕು ನನಗೆ" ಅಂದಳು. ಹಾಗಾಗಿ ಸೈಡ್‌ಕಾರ್, ಅಂದರೆ ಬೈಕಿನ ಪಕ್ಕಕ್ಕೆ ಕಟ್ಟುವ ಒಂದು ಚಕ್ರದ ಕೂರುವ ತೊಟ್ಟಿ.

ನನ್ನದು ಗೇಟು, ಗ್ರಿಲ್, ಶೀಟಿನ ಮಾಡು ಮಾಡುವ ವರ್ಕ್‌ಶಾಪ್. ಇಪ್ಪತ್ತೆರಡು ವರ್ಷದಿಂದ ವೆಲ್ಡಿಂಗ್ ಮಾಡುತ್ತಿದ್ದೇನೆ. ಪೈಪು ಬಗ್ಗಿಸಿ ಜೋಡಿಸುವುದರಲ್ಲಿ ಏನು ಕಷ್ಟ ಅಂತ ಅಂದುಕೊಂಡಿದ್ದೆ. ಜೋಡಿಸುವುದು ನಿಜಕ್ಕೂ ಕಷ್ಟವಲ್ಲ. ಜೋಡಿಸಿದ್ದು ರಸ್ತೆಯ ಮೇಲೆ ನೇರ ಹೋಗಬೇಕಲ್ವಾ, ಅದು ಬೇರೆಯೇ ಕೆಲಸ. ಬೈಕು ನನ್ನ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650, ಗಾಳಿತಡೆ ಗಾಜು ಇರುವ ಟೂರರ್. ಬೈಕ್ ಒಂದೇ 241 ಕಿಲೋ ಇದೆ. ಬೇರೆ ಬೈಕಿಗೆ ಕಟ್ಟುವವರು ನನ್ನ ಅಂಕೆಗಳನ್ನು ಹಾಗೇ ಇಳಿಸಿಕೊಳ್ಳಬೇಡಿ, ಅಳೆಯುವ ಕ್ರಮ ತಗೊಳ್ಳಿ.

ಕಬ್ಬಿಣ ಮುಟ್ಟುವ ಮೊದಲು ಕಾಗದ ನೋಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವ ಹಾಗೆ ನಾವಾಗಿಯೇ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಅಂತ ಬಂತು. ಆದರೆ ಅಂಗವೈಕಲ್ಯ ಇರುವವರಿಗಾಗಿ ಗಾಡಿಯನ್ನು ಹೊಂದಿಸಿಕೊಳ್ಳಲು ಅದೇ ಸೆಕ್ಷನ್ನಿನಲ್ಲಿ ದಾರಿ ಇದೆ, ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ಅಂಥ ಗಾಡಿ ಅವರಿಗಾಗಿ ಮಾತ್ರ ಓಡಬೇಕು. ನಾನು ಹೆಂಡತಿಯ ಅಂಗವಿಕಲ ಗುರುತಿನ ಚೀಟಿ, ನಕ್ಷೆ, ತೂಕದ ಲೆಕ್ಕ ಎಲ್ಲ ಇಟ್ಟು ಮೊದಲೇ ಬರೆದು ಕೇಳಿದೆ. ಕೆಲಸ ಮುಗಿದ ಮೇಲೆ ಗಾಡಿ ತೋರಿಸಿ ಒಪ್ಪಿಗೆ ಪಡೆದೆ. ವಿಮೆಯವರಿಗೂ ಬರೆದು ತಿಳಿಸಿದೆ. ಶೋಕಿಗೆ ಕಟ್ಟುವವರಿಗೆ ಈ ದಾರಿ ಇಲ್ಲ. ಅವರು ಆರ್‌ಟಿಓದಲ್ಲಿ ಕೇಳದೆ ಒಂದು ಪೈಪನ್ನೂ ಕತ್ತರಿಸಬೇಡಿ.

ಇನ್ನು ಎಡ-ಬಲದ ವಿಷಯ. ನಾವು ರಸ್ತೆಯ ಎಡಗಡೆ ಓಡಿಸುವವರು. ಹಾಗಾಗಿ ಸೈಡ್‌ಕಾರ್ ಎಡಕ್ಕೇ ಬರಬೇಕು. ಹಿಂದೆಲ್ಲ ಬಜಾಜ್ ಸ್ಕೂಟರಿಗೆ ಕಟ್ಟುತ್ತಿದ್ದದ್ದೂ ಎಡಕ್ಕೇ. ರಷ್ಯಾದ ಉರಾಲ್, ಅಮೆರಿಕದಲ್ಲಿ ಕಟ್ಟಿದ ಬೈಕುಗಳು, ಇವುಗಳ ವಿಡಿಯೋ ಸಿಗುವುದು ಜಾಸ್ತಿ, ಅವೆಲ್ಲ ಬಲಕ್ಕೆ ಕಟ್ಟಿದವು. ಅವರು "ಬಲ ತಿರುವಿನಲ್ಲಿ ಏಳುತ್ತದೆ" ಅಂದರೆ ನಮಗೆ ಅದು ಎಡ ತಿರುವು. ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಓದಬೇಕು. ಬ್ರಿಟನ್ನಿನವರದ್ದು ನಮ್ಮ ಹಾಗೆ ಎಡಕ್ಕೆ.

ಹಿಡಿತ ನಾಲ್ಕು ಕಡೆ

ಬೈಕಿಗೂ ಸೈಡ್‌ಕಾರಿಗೂ ನಾಲ್ಕು ಕಡೆ ಹಿಡಿತ ಬೇಕು. ಕೆಳಗೆ ಎರಡು, ಮೇಲೆ ಎರಡು. ಮೂರರಲ್ಲಿ ಮುಗಿಸುವವರಿದ್ದಾರೆ, ನೀವು ಹಾಗೆ ಮಾಡಬೇಡಿ. ಕೆಳಗಿನ ಎರಡು ಹಿಡಿತಗಳು ಎಳೆತ, ತಳ್ಳಾಟ ಎಲ್ಲ ಹೊರುತ್ತವೆ. ಅವು ಒಂದಕ್ಕೊಂದು ಎಷ್ಟು ದೂರ ಇರುತ್ತವೋ ಅಷ್ಟು ಒಳ್ಳೆಯದು. ಒಂದು ಎಂಜಿನ್ನಿನ ಮುಂದೆ, ಇನ್ನೊಂದು ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಬುಡದ ಹತ್ತಿರ. ಮೇಲಿನ ಎರಡು, ಒಂದು ಟ್ಯಾಂಕಿನ ಮುಂಭಾಗದ ಕೆಳಗೆ, ಇನ್ನೊಂದು ಸೀಟಿನ ಕೆಳಗೆ. ಇವು ಬೈಕು ಎಷ್ಟು ವಾಲಬೇಕು ಅನ್ನುವುದನ್ನು ಹಿಡಿದಿಡುತ್ತವೆ. ಹಾಗಾಗಿ ಉದ್ದ ಹೆಚ್ಚು-ಕಡಿಮೆ ಮಾಡಲು ಬರಬೇಕು. ಒಂದು ತುದಿಗೆ ಬಲ ಮರೆ (ಥ್ರೆಡ್), ಇನ್ನೊಂದು ತುದಿಗೆ ಎಡ ಮರೆ ಹಾಕಿಸಿ. ಆಗ ಬೋಲ್ಟ್ ಬಿಚ್ಚದೆ ನಡುವಿನ ಪೈಪನ್ನು ತಿರುಗಿಸಿದರೆ ಸಾಕು. ಲೇತಿನವರಿಗೆ "ಎರಡು ಕಡೆ ಮರೆ, ಲಾಕ್‌ನಟ್ ಸಮೇತ" ಅಂದರೆ ಅರ್ಥವಾಗುತ್ತದೆ.

ಬೈಕಿನ ಫ್ರೇಮಿಗೆ ನೇರ ವೆಲ್ಡಿಂಗ್ ಮಾಡಲೇಬಾರದು. ವೆಲ್ಡರ್ ಆಗಿಯೇ ಇದನ್ನು ಹೇಳುತ್ತಿದ್ದೇನೆ. ಫ್ರೇಮಿನ ಪೈಪು ತೆಳು. ಕಾದ ಜಾಗದ ಪಕ್ಕದಲ್ಲೇ ಮುಂದೊಂದು ದಿನ ಬಿರುಕು ಬರುತ್ತದೆ. ಮೇಲಾಗಿ ಈಗಿನ ಬೈಕುಗಳಲ್ಲಿ ಎಂಜಿನ್ ನಡೆಸುವ ಇಸಿಯು ಕಂಪ್ಯೂಟರ್, ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ನೋಡುವ ಎಬಿಎಸ್ ಎಲ್ಲ ಇದೆ, ವೆಲ್ಡಿಂಗ್ ಕರೆಂಟು ಹೊಕ್ಕಿದರೆ ಸುಟ್ಟುಹೋಗಬಹುದು. ಬೈಕಿಗೆ ಮೊದಲೇ ಇರುವ ದೊಡ್ಡ ಬೋಲ್ಟ್ ತೂತುಗಳನ್ನೇ ಹಿಡಿದು ಒಂದು ಸಬ್‌ಫ್ರೇಮ್ ಕಟ್ಟಿ, ಸೈಡ್‌ಕಾರ್ ಅದಕ್ಕೆ ಬರಲಿ. ಸೂಪರ್ ಮೀಟಿಯರಿನದ್ದು ಸ್ಪೈನ್ ಫ್ರೇಮ್, ಅಂದರೆ ಎಂಜಿನ್ ಮೇಲಿನ ಬೆನ್ನೆಲುಬಿನಂಥ ಪೈಪಿಗೆ ತೂಗುತ್ತದೆ. ಅದೇ ಕಂಪನಿಯ ಇಂಟರ್‌ಸೆಪ್ಟರಿನ ಹಾಗೆ ಎಂಜಿನ್ನನ್ನು ಕೆಳಗಿನಿಂದ ಎತ್ತಿಕೊಂಡ ಜೋಡಿ ಪೈಪುಗಳ ಫ್ರೇಮ್ ಅಲ್ಲ. ಅದಕ್ಕೇ ಇದರಲ್ಲಿ ಸಬ್‌ಫ್ರೇಮ್ ಇಲ್ಲದೆ ಕೆಳಗಿನ ಹಿಡಿತ ಸರಿಯಾಗಿ ಕೂರುವುದಿಲ್ಲ. ನಾನು ಎಡ-ಬಲ ಎರಡೂ ಕಡೆ ಎಂಜಿನ್ ಬೋಲ್ಟ್ ಹಿಡಿದು, ಅಡಿಯಿಂದ ಒಂದಕ್ಕೊಂದು ಜೋಡಿಸಿದೆ. ಎಡಕ್ಕೆ ಮಾತ್ರ ನೇತುಹಾಕಿದರೆ ಎಲ್ಲ ಭಾರವೂ ಒಂದೇ ಬದಿಯ ಬೋಲ್ಟಿಗೆ ಬೀಳುತ್ತದೆ.

ಪೈಪು ಸೀಮ್‌ಲೆಸ್ ಇರಲಿ, ಹೊರ ಅಳತೆ 38 ಮಿ.ಮೀ., ದಪ್ಪ 3 ಮಿ.ಮೀ. ನೀರಿನ ಜಿಐ ಪೈಪು ಬೇಡ. ಅದರ ಸತುವಿನ ಮೇಲೆ ವೆಲ್ಡ್ ಮಾಡಿದರೆ ಒಳಗೆ ಗುಳ್ಳೆ ನಿಲ್ಲುತ್ತದೆ, ಹೊಗೆಯಿಂದ ಜ್ವರ ಬರುತ್ತದೆ. ಬೋಲ್ಟ್ 12 ಮಿ.ಮೀ., ತಲೆಯ ಮೇಲೆ 10.9 ಅಂತ ಅಚ್ಚು ಇರುವುದನ್ನೇ ಕೇಳಿ ತಗೊಳ್ಳಿ, ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಹಾಕಿ. ಒಬ್ಬರು ನನಗೆ ಮೊದಲು ಮಾಡಿಕೊಟ್ಟಿದ್ದ ಕ್ಲಾಂಪ್ ಪೈಪಿಗೆ ಸುಮ್ನೆ ಬಿಗಿದದ್ದಾಗಿತ್ತು. ಅಂಗಳದಲ್ಲಿ ನಾಲ್ಕು ಸುತ್ತು ಹಾಕುವಷ್ಟರಲ್ಲಿ ಬಣ್ಣ ಕಿತ್ತು ಎರಡು ಬೆರಳಿನಷ್ಟು ಜಾರಿತ್ತು. ರಸ್ತೆಯಲ್ಲಿ ಆಗಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಬಿಗಿತದ ಮೇಲೆ ಮಾತ್ರ ನಿಲ್ಲುವ ಹಿಡಿತ ಎಲ್ಲೂ ಇರಬಾರದು. ಬೋಲ್ಟ್ ತೂತಿನ ಮೂಲಕವೇ ಹಾದುಹೋಗಲಿ.

ಸೈಡ್‌ಕಾರಿನ ಚಕ್ರ ಬೈಕಿನ ಹಿಂದಿನ ಚಕ್ರಕ್ಕಿಂತ ಸ್ವಲ್ಪ ಮುಂದೆ ಇರಬೇಕು. 150ರಿಂದ 300 ಮಿ.ಮೀ. ಒಳಗೆ ಎಲ್ಲಾದರೂ ಇಡಬಹುದು. ತೀರಾ ಹಿಂದೆ ಇದ್ದರೆ ಬಲಕ್ಕೆ ಜೋರಾಗಿ ತಿರುಗಿಸುವಾಗ ಸೈಡ್‌ಕಾರಿನ ಮೂತಿ ನೆಲಕ್ಕೆ ಕುಸಿದು ಬೈಕಿನ ಹಿಂಭಾಗ ಎತ್ತಿಬಿಡಬಹುದು. ತೀರಾ ಮುಂದೆ ಇದ್ದರೆ ಹ್ಯಾಂಡಲ್ ಕಲ್ಲಿನ ಹಾಗೆ ಭಾರ, ಟೈರೂ ಸವೆಯುತ್ತದೆ. ನಾನು 230 ಇಟ್ಟೆ. ಬೈಕಿನ ಚಕ್ರದಿಂದ ಸೈಡ್‌ಕಾರಿನ ಚಕ್ರಕ್ಕೆ ಅಡ್ಡ ಅಂತರ 1150 ಮಿ.ಮೀ. ಇಲ್ಲಿ ಒಂದು ಮಾತು: ಗೇರ್ ಇರುವುದು ಎಡಗಾಲಿಗೆ, ಸೈಡ್‌ಕಾರ್ ಇರುವುದೂ ಎಡಕ್ಕೆ. ಮಳೆಗಾಲದ ಗಮ್‌ಬೂಟು ಹಾಕಿ ಕೂತು, ಗೇರ್ ಹಾಕಿ, ತೆಗೆದು ನೋಡಿ. ಎಡಗಡೆಯ ಸೈಲೆನ್ಸರ್ ಕೂಡ ಆ ಸಂದಿಯಲ್ಲೇ ಬರುತ್ತದೆ. ಅದಕ್ಕೊಂದು ಶಾಖತಡೆ ತಗಡು ಹಾಕಲೇಬೇಕು.

ಮೈ ಕಟ್ಟಿದ್ದು ದೋಣಿಯವರು

ಸೈಡ್‌ಕಾರಿನ ಮೈಯನ್ನು ತಗಡಿನಲ್ಲಿ ಮಾಡಲು ಹೊರಟಿದ್ದೆ. ನಮ್ಮ ಕಡಲ ಗಾಳಿಗೆ ತಗಡಿನ ಗೇಟೇ ಮೂರು ಮಳೆಗಾಲ ನಿಲ್ಲುವುದಿಲ್ಲ, ಅದು ನನ್ನ ಹೊಟ್ಟೆಪಾಡಿನಲ್ಲೇ ಕಂಡದ್ದು. ಮಲ್ಪೆಯಲ್ಲಿ ಫೈಬರ್ ದೋಣಿ ಮಾಡುವವರ ಹತ್ತಿರ ಹೋದೆ. ಅವರಿಗೆ ಇದು ಸಣ್ಣ ದೋಣಿಯೇ. ಮರದ ಅಚ್ಚು, ಮೇಣ, ಜೆಲ್‌ಕೋಟ್, ಆಮೇಲೆ ಫೈಬರ್ ಮ್ಯಾಟ್ ಮೂರು ಪದರ, ಅಂಚಿಗೆ ನಾಲ್ಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಆಗ ಬೋಟುಗಳೆಲ್ಲ ದಡಕ್ಕೆ ಬಂದು ರಿಪೇರಿ ಕೆಲಸ ರಾಶಿ. ತೇವಕ್ಕೆ ರೆಸಿನ್ ಕೂಡ ಸರಿಯಾಗಿ ಗಟ್ಟಿಯಾಗುವುದಿಲ್ಲ. ಜನವರಿ-ಫೆಬ್ರವರಿಯಲ್ಲಿ ಕೇಳಿದರೆ ಅವರಿಗೂ ಪುರುಸೊತ್ತು, ಬಿಸಿಲೂ ಇರುತ್ತದೆ. ನೆಲಕ್ಕೆ 12 ಮಿ.ಮೀ. ಮೆರೈನ್ ಪ್ಲೈವುಡ್. ಅಲ್ಲಿನ ಹಿರಿಯರೊಬ್ಬರು ಕೇಳದೆಯೇ ತಳದ ಹಿಂಭಾಗದಲ್ಲಿ ಒಂದು ತೂತು ಕೊರೆದು ರಬ್ಬರ್ ಬಿರಡೆ ಹಾಕಿಕೊಟ್ಟರು. "ಮಳೆ ನೀರು ಒಳಗೆ ಬಂದೇ ಬರ್ತದೆ. ಹೋಗ್ಲಿಕ್ಕೆ ದಾರಿ ಬೇಡ್ವಾ?" ಅಂದರು. ಆ ಬಿರಡೆಯನ್ನು ಜೂನಿನಿಂದ ಸೆಪ್ಟೆಂಬರ್‌ವರೆಗೆ ದಿನಾ ಸಂಜೆ ತೆಗೆಯುತ್ತೇನೆ.

ಹೆಂಡತಿಗೆ ಬಾಗಿಲು ಬೇಕಿತ್ತು, ಗೋಡೆ ಹತ್ತಿ ಇಳಿಯುವುದು ಆಗದು. ಎಡಬದಿಗೆ ಪೂರ್ತಿ ತೆರೆಯುವ ಬಾಗಿಲು, ಸೀಟಿನ ಎತ್ತರ ನೆಲದಿಂದ 450 ಮಿ.ಮೀ., ಅಂದರೆ ನಮ್ಮ ಊಟದ ಕುರ್ಚಿಯಷ್ಟು. ಮೊದಲು ಕೂರುವುದು, ಆಮೇಲೆ ಎರಡೂ ಕಾಲು ಒಳಗೆ ತರುವುದು. ಹಿಡಿದುಕೊಳ್ಳಲು ಒಂದು ಸ್ಟೀಲ್ ಹಿಡಿ. ಸೀಟ್ ಬೆಲ್ಟ್ ಹಾಗೂ ಆ ಹಿಡಿ ಎರಡೂ ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಆಗಿವೆ, ಫೈಬರಿಗಲ್ಲ. ಫೈಬರ್ ಹರಿದು ಬರಬಹುದು.

ಚೌಕಟ್ಟನ್ನು ವೆಲ್ಡ್ ಮುಗಿಸಿದ ಮೇಲೆ ಹಾಟ್ ಡಿಪ್ ಗ್ಯಾಲ್ವನೈಜಿಂಗ್ (ಕರಗಿದ ಸತುವಿನಲ್ಲಿ ಮುಳುಗಿಸಿ ಲೇಪ ಹಾಕುವುದು) ಮಾಡಿಸಿದೆ. ಕಳಿಸುವ ಮೊದಲು ಪ್ರತಿ ಪೈಪಿನ ಎರಡೂ ತುದಿಗೆ ಗಾಳಿ ಹೋಗುವ ತೂತು ಕೊರೆಯಬೇಕು. ಬಾಯಿ ಮುಚ್ಚಿದ ಪೈಪು ಆ ಕರಗಿದ ಸತುವಿನಲ್ಲಿ ಒಡೆಯುತ್ತದೆ, ಅಲ್ಲಿ ಕೆಲಸ ಮಾಡುವವರ ಜೀವಕ್ಕೇ ಅಪಾಯ.

ಎಲ್ಲ ಸೇರಿ ಸೈಡ್‌ಕಾರ್ 92 ಕಿಲೋ ತೂಗಿತು. ಹಗುರ ಮಾಡಬೇಕು ಅಂತ ಆಸೆ ಪಡಬೇಡಿ. ಬೈಕಿನ ಮೂರನೇ ಒಂದು ಭಾಗದಷ್ಟಾದರೂ ತೂಕ ಇದ್ದರೆ ಎಡ ತಿರುವಿನಲ್ಲಿ ಬೇಗ ಏಳುವುದಿಲ್ಲ.

ಅಳತೆ

ಇಲ್ಲಿ ನಿಧಾನ ಮಾಡಿ. ಒಂದಿಡೀ ದಿನ ಬಿಡಿ ಇದಕ್ಕೆ.

ಮೂರು ಟೈರಿಗೂ ಸರಿಯಾದ ಗಾಳಿ. ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರೀಲೋಡ್ (ಸ್ಪ್ರಿಂಗಿನ ಬಿಗಿತ) ಗಟ್ಟಿಗೆ. ಮಟ್ಟವಾದ ಸಿಮೆಂಟ್ ನೆಲ. ಗಾರೆಯವರ ತೂಗುಗುಂಡು, ಮೂರು ಮೀಟರಿನ ಎರಡು ನೇರ ಅಲ್ಯೂಮಿನಿಯಂ ಬಾಕ್ಸ್ ಪೈಪು, ಟೇಪು. ಹ್ಯಾಂಡಲನ್ನು ನೇರ ಇಟ್ಟು ಹಗ್ಗದಲ್ಲಿ ಕಟ್ಟಿ.

ಒಂದು ಪೈಪನ್ನು ಬೈಕಿನ ಎರಡೂ ಚಕ್ರಕ್ಕೆ ತಾಗಿಸಿ ಇಡಿ. ಇಲ್ಲಿ ಎಡವುವುದು ಸುಲಭ. ನನ್ನ ಬೈಕಿನ ಹಿಂದಿನ ಟೈರಿನ ಅಗಲ 150 ಮಿ.ಮೀ., ಮುಂದಿನದ್ದು 100. ಹಿಂದಿನದ್ದು ಎರಡೂ ಬದಿಗೆ 25 ಮಿ.ಮೀ. ಹೊರಗಿದೆ. ಹಾಗಾಗಿ ಮುಂದಿನ ಚಕ್ರಕ್ಕೂ ಪೈಪಿಗೂ ನಡುವೆ 25 ಮಿ.ಮೀ. ಮರದ ತುಂಡು ಇಟ್ಟರೆ ಮಾತ್ರ ಪೈಪು ಬೈಕಿನ ನೇರಕ್ಕೆ ಬರುತ್ತದೆ. ಇನ್ನೊಂದು ಪೈಪು ಸೈಡ್‌ಕಾರಿನ ಚಕ್ರಕ್ಕೆ ತಾಗಲಿ. ಈಗ ಎರಡು ಪೈಪುಗಳ ನಡುವಿನ ಅಂತರವನ್ನು ಬೈಕಿನ ಹಿಂದಿನ ಆಕ್ಸಲ್ ಎದುರು ಒಮ್ಮೆ, ಮುಂದಿನ ಆಕ್ಸಲ್ ಎದುರು ಒಮ್ಮೆ ಅಳೆಯಿರಿ. ಮುಂದೆ ಸ್ವಲ್ಪ ಕಡಿಮೆ ಇರಬೇಕು. ಅಂದರೆ ಸೈಡ್‌ಕಾರಿನ ಚಕ್ರ ಬೈಕಿನ ಕಡೆಗೆ ಚೂರು ಮುಖ ಮಾಡಿರಬೇಕು. ಇದಕ್ಕೆ ಟೋ-ಇನ್ ಅನ್ನುತ್ತಾರೆ, 10ರಿಂದ 25 ಮಿ.ಮೀ. ಒಳಗೆ ಇಡುವುದು ವಾಡಿಕೆ. ನನ್ನದು 18. ಸೈಡ್‌ಕಾರ್ ಯಾವಾಗಲೂ ಗಾಡಿಯನ್ನು ತನ್ನ ಕಡೆಗೆ, ಎಡಕ್ಕೆ, ಎಳೆಯುತ್ತಿರುತ್ತದೆ. ಟೋ-ಇನ್ ಅದಕ್ಕೆ ಎದುರಾಗಿ ತಳ್ಳುತ್ತದೆ. ಜಾಸ್ತಿಯಾದರೆ ಟೈರು ಉಜ್ಜಿ ಉಜ್ಜಿ ಹಾಳಾಗುತ್ತದೆ.

ಎರಡನೆಯದ್ದು ವಾಲುವಿಕೆ. ಬೈಕು ಸೈಡ್‌ಕಾರಿನಿಂದ ಆಚೆಗೆ, ನಮ್ಮಲ್ಲಿ ಬಲಕ್ಕೆ, ಒಂದರಿಂದ ಎರಡು ಡಿಗ್ರಿ ವಾಲಿರಬೇಕು. ಡಿಗ್ರಿ ಅಳೆಯಲು ನಾನು ಹೀಗೆ ಮಾಡಿದೆ: ಮುಂದಿನ ಚಕ್ರದ ಬಲಬದಿಯ ರಿಮ್ಮಿಗೆ, ಆಕ್ಸಲಿಗಿಂತ ಚೂರು ಮುಂದಕ್ಕೆ, ಮೇಲೊಂದು ಕೆಳಗೊಂದು ಒಂದೇ ದಪ್ಪದ ಮರದ ತುಂಡು ಅಂಟಿಸಿದೆ. ಎರಡರ ನಡುವೆ 450 ಮಿ.ಮೀ. ಮೇಲಿನ ತುಂಡಿನ ಅಂಚಿನಿಂದ ತೂಗುಗುಂಡು ಇಳಿಬಿಟ್ಟೆ. ದಾರ ಕೆಳಗಿನ ತುಂಡಿನಿಂದ 10 ಮಿ.ಮೀ. ಆಚೆ ನಿಂತರೆ ಅದು ಸುಮಾರು ಒಂದೂಕಾಲು ಡಿಗ್ರಿ.

ಮೊದಲ ಸಲ ಖಾಲಿ ಗಾಡಿಗೆ 10 ಮಿ.ಮೀ. ಇಟ್ಟು, ಎಲ್ಲ ಬಿಗಿದು, ಹೆಂಡತಿಯನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋದೆ. ಕಟಪಾಡಿ ಮುಟ್ಟುವಾಗ ನನ್ನ ಭುಜ ಸೋತಿತ್ತು. ಗಾಡಿ ಎಡಕ್ಕೇ ಎಳೆಯುತ್ತಿತ್ತು, ಒಂದು ಕ್ಷಣ ಕೈ ಸಡಿಲಿಸಿದರೂ ರಸ್ತೆಯಿಂದ ಕೆಳಗೆ. ಅವಳು ಏನೂ ಹೇಳಲಿಲ್ಲ, ಆದರೆ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನಲವತ್ತರ ಮೇಲೆ ಹೋಗದೆ ಮನೆಗೆ ಬಂದೆವು.

ಮರುದಿನ ಅವಳನ್ನು ಕೂರಿಸಿಯೇ ಅಳೆದೆವು. ಶಂಕರಪುರ ಮಲ್ಲಿಗೆಯ ಮೊಗ್ಗು, ಬಾಳೆ ನಾರು ತಗೊಂಡು ಬಂದು ಕೂತಳು. ನಾನೂ ಸೀಟಿನ ಮೇಲೆ ಕೂರಬೇಕಲ್ಲ, ಹಾಗಾಗಿ ಅಳೆದದ್ದು ನಮ್ಮ ವರ್ಕ್‌ಶಾಪಿನ ಹುಡುಗ. ಯಾರೂ ಇಲ್ಲದಾಗ 10 ಇತ್ತು. ಅವಳು ಕೂತ ಕೂಡಲೇ ಸೈಡ್‌ಕಾರಿನ ಶಾಕ್ ಎರಡು ಸೆಂಟಿಮೀಟರ್ ಕುಗ್ಗಿತು, ಬೈಕು ಆ ಕಡೆಗೆ ಬಂತು, ದಾರ 2ಕ್ಕೆ ಇಳಿಯಿತು. ನಾನು ಕೂತಾಗ ಬೈಕಿನ ಶಾಕ್ ಕುಗ್ಗಿ 6 ಆಯಿತು. ಅಂದರೆ ರಸ್ತೆಯಲ್ಲಿ ನಾವಿಬ್ಬರೂ ಹೋದದ್ದು ಮುಕ್ಕಾಲು ಡಿಗ್ರಿಯಲ್ಲಿ. ಖಾಲಿ ಗಾಡಿಯ ಅಳತೆ ಅಂಗಳದಲ್ಲಿ ನಿಲ್ಲಿಸಿದ ಗಾಡಿಗೆ ಸರಿ, ನಮಗಲ್ಲ.

"ಅಣ್ಣ, ಅಲುಗಾಡಬೇಡಿ, ಗುಂಡು ನಿಲ್ತಾ ಇಲ್ಲ" ಅಂತ ಹುಡುಗ. ಫ್ಯಾನು ಆಫ್ ಮಾಡಿದೆವು. ಗುಂಡಿನ ತುದಿಯನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿದರೆ ದಾರ ಬೇಗ ನಿಲ್ಲುತ್ತದೆ, ಇದು ಗಾರೆಯವರಿಂದ ಕಲಿತದ್ದು. ಹುಡುಗ ಮೇಲಿನ ಎರಡು ಪೈಪನ್ನೂ ಅರ್ಧ ಅರ್ಧ ಸುತ್ತು ತಿರುಗಿಸುವುದು, ನಾವು ಏಳದೆ ಕೂರುವುದು, ಅವನು ಅಳೆಯುವುದು. ವಾಲುವಿಕೆ ಬದಲಾದರೆ ಟೋ-ಇನ್ ಕೂಡ ಚೂರು ಬದಲಾಗುತ್ತದೆ, ಹಾಗಾಗಿ ಅದನ್ನೂ ಪುನಃ ನೋಡಬೇಕು. ಎರಡೂವರೆ ತಾಸು ಹೋಯಿತು. ಇಬ್ಬರೂ ಕೂತಿದ್ದಾಗ 10 ಮಿ.ಮೀ. ನಿಂತಿತು, ಟೋ-ಇನ್ 18. ಅಷ್ಟರಲ್ಲಿ ಅವಳದ್ದು ಒಂದು ಅಟ್ಟೆ (ನಾಲ್ಕು ಚೆಂಡು) ಹೂ ಕಟ್ಟಿ ಆಗಿತ್ತು.

ಆಮೇಲೆ ರಸ್ತೆ. ನೇರ ಹೋಗುವಾಗ ಎಡಕ್ಕೆ ಎಳೆದರೆ ಬಲಕ್ಕೆ ಇನ್ನಷ್ಟು ವಾಲಿಸಿ. ಬಲಕ್ಕೆ ಎಳೆದರೆ ಕಡಿಮೆ ಮಾಡಿ. ಒಂದು ಸಲಕ್ಕೆ ಅರ್ಧ ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ನಮ್ಮ ರಸ್ತೆಗಳು ಮಳೆ ನೀರು ಇಳಿಯಲು ನಡುವೆ ಎತ್ತರ, ಅಂಚಿಗೆ ತಗ್ಗು. ಎಡಗಡೆ ಹೋಗುವ ನಮಗೆ ಗಾಡಿ ಎಡಕ್ಕೆ ಇನ್ನೂ ಸ್ವಲ್ಪ ಜಾರುತ್ತದೆ. ಹಾಗಾಗಿ ಮಟ್ಟದ ಮೈದಾನದಲ್ಲಿ ಮಾತ್ರ ನೋಡಿ ಮುಗಿಸಬೇಡಿ. ನೀವು ದಿನಾ ಹೋಗುವ ರಸ್ತೆಯಲ್ಲಿ, ದಿನಾ ಹೋಗುವ ವೇಗದಲ್ಲಿ ಸರಿ ಇರಬೇಕು. ನನ್ನದು 55ರಲ್ಲಿ ಹ್ಯಾಂಡಲ್ ಯಾವ ಕಡೆಗೂ ಎಳೆಯುವುದಿಲ್ಲ. 70ಕ್ಕೆ ಹೋದರೆ ಗಾಳಿ ಜಾಸ್ತಿಯಾಗಿ ಚೂರು ಎಡಕ್ಕೆ. ನಾವು 70ಕ್ಕೆ ಹೋಗುವವರಲ್ಲ.

ಇಪ್ಪತ್ತೈದು-ಮೂವತ್ತರ ವೇಗದಲ್ಲಿ ಹ್ಯಾಂಡಲ್ ಗಡಗಡ ನಡುಗಬಹುದು. ಸೈಡ್‌ಕಾರ್ ಇರುವ ಬೈಕುಗಳಲ್ಲಿ ಇದು ಸಾಮಾನ್ಯ. ಸ್ಟೀರಿಂಗ್ ಡ್ಯಾಂಪರ್ ಹಾಕಿದೆ, ನಿಂತಿತು. ಹ್ಯಾಂಡಲ್ ಭಾರ ಕಡಿಮೆ ಮಾಡಲು ಮುಂದಿನ ಫೋರ್ಕನ್ನೇ ಬದಲಾಯಿಸುವವರಿದ್ದಾರೆ, ಒಳ್ಳೆಯದೇ, ಖರ್ಚು ಜಾಸ್ತಿ. ನಾನು ಅಗಲದ ಹ್ಯಾಂಡಲ್ ಬಾರ್ ಹಾಕಿ ಸುಧಾರಿಸಿದೆ.

ಬ್ರೇಕು, ದೀಪ

ಸೈಡ್‌ಕಾರಿಗೆ ಬ್ರೇಕ್ ಇಲ್ಲದಿದ್ದರೆ, ಬ್ರೇಕ್ ಹಿಡಿದಾಗ ಬೈಕು ನಿಲ್ಲುತ್ತದೆ, ಅದು ಮಾತ್ರ ಮುಂದೆ ಹೋಗುತ್ತದೆ. ಗಾಡಿ ಬಲಕ್ಕೆ, ಎದುರಿನಿಂದ ಬರುವ ಬಸ್ಸಿನ ಕಡೆಗೆ ತಿರುಗುತ್ತದೆ. ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸುಗಳನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಬ್ರೇಕ್ ಹಾಕಿಸಿ. ಆದರೆ ಬೈಕಿನ ಎಬಿಎಸ್ ಪೈಪಿಗೆ ಕವಲು ತೆಗೆಯಬೇಡಿ. ಸೈಡ್‌ಕಾರಿನ ಡಿಸ್ಕಿಗೆ ಬೇರೆಯೇ ಮಾಸ್ಟರ್ ಸಿಲಿಂಡರ್ (ಬ್ರೇಕ್ ಆಯಿಲನ್ನು ಒತ್ತುವ ಪಂಪು), ಬೇರೆಯೇ ಪೆಡಲ್. ಆ ಪೆಡಲನ್ನು ಹಿಂದಿನ ಬ್ರೇಕ್ ಪೆಡಲಿನ ಪಕ್ಕಕ್ಕೇ ತಾಗಿದ ಹಾಗೆ ಇಟ್ಟಿದ್ದೇನೆ. ಒಂದೇ ಪಾದ ಎರಡನ್ನೂ ಒತ್ತುತ್ತದೆ.

ಎಡಗಡೆಯ ಇಂಡಿಕೇಟರ್ ಸೈಡ್‌ಕಾರಿನ ಹೊರ ಅಂಚಿಗೆ ಹೋಗಬೇಕು. ಮುಂದೆ ಒಂದು ಬಿಳಿ, ಹಿಂದೆ ಒಂದು ಕೆಂಪು ದೀಪ, ಬೇರೆ ಫ್ಯೂಸಿನಿಂದ. ಸೈಡ್ ಸ್ಟ್ಯಾಂಡ್ ತೆಗೆದಾಗ ಅದರ ಸ್ವಿಚ್ಚನ್ನು ಮಡಚಿದ ಸ್ಥಿತಿಯಲ್ಲೇ ಇಡಿ, ಇಲ್ಲವಾದರೆ ಗೇರ್ ಹಾಕಿದ ಕೂಡಲೇ ಎಂಜಿನ್ ನಿಂತುಬಿಡುತ್ತದೆ. ಗಾಡಿ ಬೀಳುವುದಿಲ್ಲ, ಆದರೆ ಉರುಳುತ್ತದೆ. ನಿಲ್ಲಿಸುವಾಗ ಮೊದಲ ಗೇರ್, ಮುಂದಿನ ಬ್ರೇಕಿಗೆ ಒಂದು ಪಟ್ಟಿ, ಇಳಿಜಾರಿದ್ದರೆ ಚಕ್ರಕ್ಕೆ ಮರದ ತುಂಡು.

ಓಡಿಸುವುದನ್ನು ಮೊದಲಿನಿಂದ ಕಲಿಯಬೇಕು

ಮೂವತ್ತು ವರ್ಷ ಬೈಕ್ ಓಡಿಸಿದ ಕೈ ಇಲ್ಲಿ ತಪ್ಪು ಮಾಡುತ್ತದೆ. ಬೈಕಿನಲ್ಲಿ ಎಡಕ್ಕೆ ಹೋಗಲು ಎಡ ಹಿಡಿಯನ್ನು ಮೆಲ್ಲ ಮುಂದಕ್ಕೆ ಒತ್ತಿ ವಾಲುತ್ತೇವೆ, ಗೊತ್ತಿಲ್ಲದೆಯೇ. ಸೈಡ್‌ಕಾರ್ ಗಾಡಿ ವಾಲುವುದಿಲ್ಲ. ರಿಕ್ಷಾದ ಹಾಗೆ ಎಡಕ್ಕೆ ತಿರುಗಿಸಿದರೆ ಎಡಕ್ಕೆ ಹೋಗುತ್ತದೆ. ಹಳೆ ಅಭ್ಯಾಸದಲ್ಲಿ ಎಡ ಹಿಡಿಯನ್ನು ಒತ್ತಿದರೆ ಗಾಡಿ ಬಲಕ್ಕೆ ನುಗ್ಗುತ್ತದೆ. ಆಕ್ಸಲರೇಟರ್ ಕೊಟ್ಟರೆ ಎಡಕ್ಕೆ, ಬಿಟ್ಟರೆ ಬಲಕ್ಕೆ ಎಳೆತ. ಕಾಲನ್ನು ಕೆಳಗೆ ಇಡಲೇಬೇಡಿ. ಎಡಗಾಲು ಇಟ್ಟರೆ ಸೈಡ್‌ಕಾರಿನ ಚೌಕಟ್ಟು ಕಾಲಿನ ಮೇಲೆಯೇ ಹತ್ತಿಬಿಡುತ್ತದೆ.

ಅಪಾಯ ಇರುವುದು ಎಡ ತಿರುವಿನಲ್ಲಿ. ಖಾಲಿ ಸೈಡ್‌ಕಾರ್ ಸಟಕ್ಕನೆ ಏಳುತ್ತದೆ. ಎದ್ದಾಗ ಹ್ಯಾಂಡಲನ್ನು ಚೂರು ನೇರಕ್ಕೆ ಬಿಟ್ಟು, ಆಕ್ಸಲರೇಟರ್ ಮೆಲ್ಲ ಕಡಿಮೆ ಮಾಡಿದರೆ ಕೆಳಗೆ ಬರುತ್ತದೆ. ಆದರೆ ಹ್ಯಾಂಡಲ್ ನೇರ ಮಾಡಿದರೆ ನೀವು ಎದುರಿನ ಸಾಲಿಗೆ ಹೋಗುತ್ತೀರಿ. ಹಾಗಾಗಿ ತಿರುವಿಗೆ ಮೊದಲೇ ವೇಗ ಇಳಿಸಿರಬೇಕು. ಇದನ್ನು ಖಾಲಿ ಮೈದಾನದಲ್ಲಿ, ಭಾನುವಾರ ಬೆಳಿಗ್ಗೆ, ಬೇಕೆಂದೇ ಎಬ್ಬಿಸಿ ಇಳಿಸಿ ಕಲಿಯಿರಿ. ನಾನು ನಾಲ್ಕು ಭಾನುವಾರ ಕಲಿತೆ. ಹೆಂಡತಿಯನ್ನು ಅಂಗಡಿಯಲ್ಲಿ ಇಳಿಸಿ ಒಬ್ಬನೇ ಮನೆಗೆ ಬರುವಾಗ ಅವಳ ಸೀಟಿನಲ್ಲಿ 40 ಕಿಲೋ ಮರಳಿನ ಚೀಲ, ಬೆಲ್ಟ್ ಹಾಕಿಯೇ ಇಡುತ್ತೇನೆ.

ಕಲಿಕೆ ಮುಗಿದ ಮೇಲೆ ಮೊದಲು ಹೋದದ್ದು ಮಲ್ಪೆಯ ಪಡುಕೆರೆ ರಸ್ತೆಗೆ. ಒಂದು ಕಡೆ ಕಡಲು, ಒಂದು ಕಡೆ ಹೊಳೆ, ರಸ್ತೆ ಮಟ್ಟ, ಗಾಡಿಗಳು ಕಡಿಮೆ. ಆಮೇಲೆ ಮರವಂತೆ. ಆಗುಂಬೆಗೆ ಹೋದದ್ದು ಮೂರು ತಿಂಗಳ ಮೇಲೆ. ಸೋಮೇಶ್ವರ ದಾಟಿ ಹದಿನಾಲ್ಕು ತಿರುವು. ಎಡ ತಿರುವುಗಳಲ್ಲಿ ಮೊದಲ ಗೇರಿನಲ್ಲೇ ಹತ್ತಿದೆ, ಅವಳು ಹೇಳಿಕೊಟ್ಟ ಹಾಗೆ ಎಡಕ್ಕೆ ಭಾರ ಬಿಟ್ಟು ಕೂತಳು. ಚಕ್ರ ಒಮ್ಮೆಯೂ ಏಳಲಿಲ್ಲ.

ಹೊಸ ಹಿಡಿತಗಳನ್ನು ಮೊದಲ 100 ಕಿಲೋಮೀಟರಿಗೆ, ಆಮೇಲೆ 500ಕ್ಕೆ ಪುನಃ ಬಿಗಿಯಬೇಕು. ನಾನು ಪ್ರತಿ ನಟ್ಟಿನಿಂದ ಪೈಪಿಗೆ ಅಡ್ಡಲಾಗಿ ಬಿಳಿ ಬಣ್ಣದ ಒಂದು ಗೆರೆ ಎಳೆದಿದ್ದೇನೆ. ನಟ್ ಸಡಿಲವಾದರೆ ಗೆರೆ ತುಂಡಾಗಿ ಕಾಣುತ್ತದೆ. ಮೇಲಿನ ಎರಡು ಹಿಡಿತದ ಗೆರೆ ಸೈಡ್‌ಕಾರಿನಲ್ಲಿ ಕೂತವರ ಕಣ್ಣಿಗೆ ನೇರ ಬೀಳುತ್ತದೆ. ಈಗ ಬೆಳಿಗ್ಗೆ ನಾನು ಸ್ಟಾರ್ಟ್ ಮಾಡುವ ಮೊದಲು ಅವಳು ಬೆಲ್ಟ್ ಹಾಕಿ, ಬಲಕ್ಕೆ ಬಗ್ಗಿ, ಎರಡೂ ಗೆರೆ ನೋಡಿ, "ಸರಿ ಉಂಟು, ಹೋಗುವಾ" ಅನ್ನುತ್ತಾಳೆ.